ಟೆಂಡರ್ ತೆರೆದ ಮರುದಿನ

ರಸ್ತೆಯ ಡಾಂಬರು ಮೊದಲ ಮಳೆಗೇ ಕಿತ್ತುಬಂದಾಗ, ಉದ್ಘಾಟನೆಯಾಗಿ ವರ್ಷ ತುಂಬುವ ಮೊದಲೇ ಶಾಲೆಯ ಚಾವಣಿ ಸೋರತೊಡಗಿದಾಗ ನಮ್ಮಲ್ಲಿ ಕೇಳಿಬರುವ ವಿವರಣೆಗಳು ಎರಡೇ. ಒಂದು, ಕಮಿಷನ್. ಇನ್ನೊಂದು, ಸ್ವಲ್ಪ ಓದಿಕೊಂಡವರು ಹೇಳುವ ಎಲ್-1. ಅತಿ ಕಡಿಮೆ ದರ ಬರೆದವನಿಗೇ ಕೆಲಸ ಕೊಡಬೇಕೆಂಬ ಪದ್ಧತಿ ಇರುವವರೆಗೂ ಇದು ಹೀಗೇ ಎನ್ನುತ್ತಾರೆ ಅವರು. ಮೊದಲನೆಯದಕ್ಕೆ ಮದ್ದು ಪಾರದರ್ಶಕತೆ, ಎರಡನೆಯದಕ್ಕೆ ಮದ್ದು ಗುಣಮಟ್ಟಕ್ಕೆ ಅಂಕ. ಸಂಪಾದಕೀಯಗಳು, ಸದನದ ಭಾಷಣಗಳು, ಅಧಿಕಾರಿಗಳ ಕಾರ್ಯಾಗಾರಗಳು ಈ ಎರಡರ ನಡುವೆಯೇ ಓಡಾಡಿಕೊಂಡಿವೆ.

ಎರಡೂ ವಾದಗಳು ಒಂದಕ್ಕೊಂದು ಎದುರಾಳಿಗಳಂತೆ ಕಂಡರೂ ಕಣ್ಣು ನೆಟ್ಟಿರುವುದು ಒಂದೇ ದಿನದ ಮೇಲೆ, ಟೆಂಡರ್ ತೆರೆಯುವ ದಿನದ ಮೇಲೆ. ಆ ದಿನ ಯಾರು ಗೆದ್ದರು, ಹೇಗೆ ಗೆದ್ದರು ಎಂಬುದನ್ನು ಸರಿಪಡಿಸಿಬಿಟ್ಟರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಅದು. ನನಗೆ ಆ ನಂಬಿಕೆ ಇಲ್ಲ. ನಮ್ಮ ರಸ್ತೆ, ಚರಂಡಿ, ಕಟ್ಟಡಗಳ ಆಯುಷ್ಯ ತೀರ್ಮಾನವಾಗುವುದು ಆ ದಿನಕ್ಕಿಂತ ಮೊದಲು, ಎಸ್ಟಿಮೇಟ್ ಬರೆಯುವ ಮೇಜಿನ ಮೇಲೆ. ಆಮೇಲೆ ಬಿಲ್ ಪಾಸಾಗುವ ಶಾಖೆಯಲ್ಲಿ. ಅದಾದ ಮೇಲೆ ಯಾರೂ ಹಣ ಇಡದ ನಿರ್ವಹಣೆಯ ಲೆಕ್ಕದಲ್ಲಿ. ಮಾರುವವನ ಕಳ್ಳತನದ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಕೊಳ್ಳುವ ಸರ್ಕಾರ ಎಂಥ ಗಿರಾಕಿ ಎಂಬುದನ್ನು ಮಾತ್ರ ಕೇಳಿಕೊಂಡಿಲ್ಲ.

ಪಾರದರ್ಶಕತೆಗೆ ಸಲ್ಲಬೇಕಾದ ಗೌರವ ಸಲ್ಲಲಿ. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆಂದು ಕರ್ನಾಟಕ ಮಾಡಿಕೊಂಡ, ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಆಕ್ಟ್ ಎಂದು ಕರೆಯುವ 1999ರ ಕಾಯ್ದೆ ಜಾರಿಗೆ ಬಂದದ್ದು 2000ದಲ್ಲಿ. ನಮಗಿಂತ ಮೊದಲು ಇಂಥ ಕಾಯ್ದೆ ಮಾಡಿಕೊಂಡದ್ದು ನೆರೆಯ ತಮಿಳುನಾಡು, 1998ರಲ್ಲಿ. ಕೇಂದ್ರದಲ್ಲಿ 2012ರಲ್ಲಿ ಮಂಡನೆಯಾದ ಸಾರ್ವಜನಿಕ ಸಂಗ್ರಹಣಾ ಮಸೂದೆ ಕಾನೂನಾಗಲೇ ಇಲ್ಲ. ಅಲ್ಲಿ ಈಗಲೂ ಹಣಕಾಸು ನಿಯಮಾವಳಿ ಮತ್ತು ಕೈಪಿಡಿಗಳ ಮೇಲೆಯೇ ಕೆಲಸ ಸಾಗುತ್ತಿದೆ. ಟೆಂಡರ್ ಪೆಟ್ಟಿಗೆಯ ಮುಂದೆ ನಾಲ್ಕು ಜನ ಗಟ್ಟಿಗರನ್ನು ನಿಲ್ಲಿಸಿ ಬೇರೆಯವರು ಲಕೋಟೆ ಹಾಕದಂತೆ ತಡೆಯುತ್ತಿದ್ದ ಕಾಲವನ್ನು ಕಂಡವರಿಗೆ ಇ-ಪ್ರೊಕ್ಯೂರ್‌ಮೆಂಟ್ ಎಷ್ಟು ದೊಡ್ಡ ಬದಲಾವಣೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಬದಲಾವಣೆ ಕೊಟ್ಟದ್ದೇನು ಎಂಬಲ್ಲಿ ಒಂದು ಸ್ವಾರಸ್ಯವಿದೆ. ರೋಹಿಣಿ ಪಾಂಡೆ, ಬೆಂಜಮಿನ್ ಓಲ್ಕನ್ ಮತ್ತು ಸಂಗಡಿಗರು ಭಾರತ ಮತ್ತು ಇಂಡೋನೇಷ್ಯಾದ ಸರ್ಕಾರಿ ಕಾಮಗಾರಿಗಳನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಇ-ಟೆಂಡರ್‌ನಿಂದ ಸರ್ಕಾರ ಕೊಡುವ ಬೆಲೆ ಇಳಿಯಲಿಲ್ಲ. ಭಾರತದಲ್ಲಿ ರಸ್ತೆಯ ಗುಣಮಟ್ಟ ಸುಧಾರಿಸಿತು, ಇಂಡೋನೇಷ್ಯಾದಲ್ಲಿ ವಿಳಂಬ ತಗ್ಗಿತು. ಕಾರಣವೂ ಸರಳ. ಹೊರಗಿನ ಊರಿನ, ಹೆಚ್ಚು ಸಮರ್ಥ ಗುತ್ತಿಗೆದಾರರು ಒಳಗೆ ಬರಲು ಸಾಧ್ಯವಾಯಿತು. ಅಂದರೆ ಬಾಗಿಲು ತೆರೆದದ್ದರ ಲಾಭ ದುಡ್ಡಿನ ಉಳಿತಾಯದಲ್ಲಿ ಕಾಣಲಿಲ್ಲ, ಒಳಗೆ ಬಂದವರ ಕಸುಬಿನಲ್ಲಿ ಕಂಡಿತು. ನಮ್ಮ ಸರ್ಕಾರಗಳಾದರೋ ಪ್ರತಿ ಸುಧಾರಣೆಯನ್ನೂ 'ಬೊಕ್ಕಸಕ್ಕೆ ಉಳಿತಾಯ' ಎಂದೇ ಜಾಹೀರು ಮಾಡುತ್ತ ಬಂದಿವೆ. ಎಸ್ಟಿಮೇಟಿಗಿಂತ ಶೇಕಡ ಇಪ್ಪತ್ತು ಬಿಲೋ ಬಂತೆಂದು ಬೀಗುವ ಅಧಿಕಾರಿ, ಆ ಇಪ್ಪತ್ತು ಯಾವ ಪದರದಿಂದ ಕಳಚಿಹೋಯಿತೆಂದು ಕೇಳುವುದಿಲ್ಲ.

ಹಾಗಾದರೆ ಎಲ್-1 ಕಿತ್ತುಹಾಕೋಣ ಎನ್ನುವವರ ಕಡೆಗೆ ಬರೋಣ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆಗಳು ಈ ಬಾಗಿಲನ್ನು ಅರೆ ತೆರೆದವು. ಗುಣಮಟ್ಟ ಮುಖ್ಯವೆಂದು ಘೋಷಿಸಿದ ಕಾಮಗಾರಿಗಳಲ್ಲಿ ದರದ ಜೊತೆಗೆ ಗುಣಮಟ್ಟಕ್ಕೂ ಅಂಕ ಕೊಡಬಹುದು, ಆ ಅಂಕದ ತೂಕ ಶೇಕಡ 30 ಮೀರಬಾರದು ಎಂದಿತು ಸಚಿವಾಲಯ. ನಮ್ಮ ಕಾಯ್ದೆಯಾದರೂ ಅಷ್ಟೇನೂ ಕುರುಡಲ್ಲ. ಟೆಂಡರ್ ದಸ್ತಾವೇಜಿನಲ್ಲಿ ಮೊದಲೇ ಹೇಳಿದ, ವಸ್ತುನಿಷ್ಠವಾಗಿ ಅಳೆಯಬಹುದಾದ ಅಂಶಗಳಿಗೆ ತೂಕ ಕೊಟ್ಟು, ಅದರ ಮೇಲೆ ಅತಿ ಕಡಿಮೆ ಯಾವುದೆಂದು ನೋಡಿ ಎನ್ನುತ್ತದೆ ಅದರ ಆಶಯ. ಇಪ್ಪತ್ತು ವರ್ಷದ ನಿರ್ವಹಣಾ ವೆಚ್ಚವನ್ನೂ ಅಂಥ ಒಂದು ಅಂಶವಾಗಿ ಬರೆಯಲು ಯಾರ ಅಡ್ಡಿಯೂ ಇರಲಿಲ್ಲ. ಬರೆಯಲಿಲ್ಲ. ಕಾಯ್ದೆ ಕೊಟ್ಟ ಅವಕಾಶವನ್ನು ಕಚೇರಿ ಒಂದು ಕಾಲಂಗೆ, ರೂಪಾಯಿಯ ಕಾಲಂಗೆ, ಇಳಿಸಿಕೊಂಡಿತು. ಆಮೇಲೆ ಕಾಯ್ದೆಯನ್ನೇ ದೂರತೊಡಗಿತು.

ಗುಣಮಟ್ಟಕ್ಕೆ ಅಂಕ ಎಂಬುದು ಕೇಳಲು ಚಂದ. ಆದರೆ ಅಂಕ ಕೊಡುವವರು ಯಾರು? ಹಿಂದಿನ ಅನುಭವ, ಯಂತ್ರೋಪಕರಣ, ವಹಿವಾಟಿನ ಗಾತ್ರ ಇವುಗಳನ್ನು ಒಬ್ಬನಿಗೆ ಮಾತ್ರ ಹೊಂದುವಂತೆ ಹೆಣೆಯುವ ಕಲೆ ನಮ್ಮ ಕಚೇರಿಗಳಿಗೆ ಹೊಸದಲ್ಲ. ಸಣ್ಣಪುಟ್ಟ ಕೆಲಸಗಳನ್ನೆಲ್ಲ ಒಟ್ಟುಮಾಡಿ ದೊಡ್ಡ ಪ್ಯಾಕೇಜ್ ಮಾಡಿದರೆ ತಾಲ್ಲೂಕಿನ ಗುತ್ತಿಗೆದಾರ ತಾನಾಗಿ ಹೊರಬೀಳುತ್ತಾನೆ, ಆಮೇಲೆ ಅದೇ ಕೆಲಸವನ್ನು ಅದೇ ಮನುಷ್ಯ ದೊಡ್ಡವನಿಂದ ಸಬ್ ಕಾಂಟ್ರಾಕ್ಟ್ ಹಿಡಿಯುತ್ತಾನೆ, ನಡುವಿನ ಅಂತರ ಯಾರದೋ ಜೇಬಿಗೆ ಸೇರುತ್ತದೆ. ಅಂಕದ ಪದ್ಧತಿ ಈ ಕಲೆಗೆ ಇನ್ನಷ್ಟು ಜಾಗ ಮಾಡಿಕೊಡುತ್ತದೆ. ದರವಾದರೂ ಎಲ್ಲರಿಗೂ ಕಾಣುವ ಅಂಕಿ.

ಎಲ್-1 ಎಲ್ಲ ಕಡೆ ಕೆಟ್ಟದ್ದು ಎಂಬುದೂ ಸುಳ್ಳು. ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಎಲ್‌ಇಡಿ ಬಲ್ಬುಗಳನ್ನು ಸಗಟಾಗಿ ಕೊಂಡ ಕತೆ ನೋಡಿ. 2014ರ ಆರಂಭದಲ್ಲಿ ಒಂದು ಬಲ್ಬಿಗೆ ₹310 ಇದ್ದ ಖರೀದಿ ದರ 2016ರ ಹೊತ್ತಿಗೆ ₹38ಕ್ಕೆ ಇಳಿಯಿತು. ಅತಿ ಕಡಿಮೆ ದರದ ಪೈಪೋಟಿಯಿಂದಲೇ ಇಳಿಯಿತು. ಅಲ್ಲಿ ಅದು ನಡೆದದ್ದು ಏಕೆಂದರೆ ಬಲ್ಬನ್ನು ಪ್ರಯೋಗಾಲಯದಲ್ಲಿ ಉರಿಸಿ ನೋಡಬಹುದು, ಕೆಟ್ಟರೆ ಬದಲಿಸಿ ಕೊಡಬೇಕೆಂಬ ಕರಾರು ಇರುತ್ತದೆ, ಮತ್ತು ಕೋಟಿಗಟ್ಟಲೆ ಕೊಳ್ಳುವವನಿಗೆ ತಾನು ಏನು ಕೇಳುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ರಸ್ತೆ ಹಾಗಲ್ಲ. ಅದರ ಗುಣ ತಿಳಿಯುವುದು ಮೂರನೆಯ ಮಳೆಗಾಲದಲ್ಲಿ. ಕೆಳಗಿನ ಪದರ ಮೇಲಿನ ಪದರದಡಿ ಮುಚ್ಚಿಹೋಗಿರುತ್ತದೆ. ಹಾಗಿರುವಾಗ ಅದಕ್ಕೆ ಟೆಂಡರ್ ದಿನ ಎಷ್ಟು ಅಂಕ ಕೊಟ್ಟರೇನು? ಮೂರನೆಯ ಮಳೆಗಾಲದಲ್ಲಿ ಆ ಗುತ್ತಿಗೆದಾರ ಇನ್ನೂ ನಮ್ಮ ಲೆಕ್ಕದ ಪುಸ್ತಕದಲ್ಲಿ ಇರುತ್ತಾನೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಇನ್ನು ಎಸ್ಟಿಮೇಟಿನ ಮೇಜು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗಿರುವ, ಅತ್ಯಂತ ಹೆಚ್ಚು ಹಾನಿ ಮಾಡುವ ಜಾಗ ಇದು.

ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯನ್ನು ನೋಡಿದವರಿಗೆ ಗೊತ್ತು, ಮಳೆ ಬಂದರೆ ಆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಕಿದ ರಸ್ತೆ ಮೇಲಿನ ವಾಹನದಿಂದ ಸಾಯುವುದಕ್ಕಿಂತ ಮೊದಲು ಕೆಳಗಿನ ನೀರಿನಿಂದ ಸಾಯುತ್ತದೆ. ಇದಕ್ಕೆ ಪರಿಹಾರ ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಗೊತ್ತಿರುವಂಥದ್ದು. ಎರೆಮಣ್ಣಿನ ಮೇಲೆ ಗರಸಿನ ದಪ್ಪ ಪದರ ಹಾಸಬೇಕು, ಇಲ್ಲವೇ ಮಣ್ಣಿಗೆ ಸುಣ್ಣ ಬೆರೆಸಿ ಗಟ್ಟಿ ಮಾಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಎರಡೂ ಬದಿಗೆ ನೀರು ಹರಿದುಹೋಗುವ ಚರಂಡಿ ಬೇಕು. ಈ ಮೂರಕ್ಕೂ ದುಡ್ಡು ಬೇಕು. ಇವುಗಳಲ್ಲಿ ಯಾವುದೂ ಉದ್ಘಾಟನೆಯ ಫೋಟೋದಲ್ಲಿ ಕಾಣುವುದಿಲ್ಲ.

ಶಾಸಕರಿಗೆ ಬೇಕಾಗಿರುವುದು ಕಿಲೋಮೀಟರು. ಬಂದ ಅನುದಾನ ಇಷ್ಟು, ಊರುಗಳು ಇಷ್ಟು, ಎಲ್ಲರಿಗೂ ಒಂದಿಷ್ಟು ಡಾಂಬರು ಮುಟ್ಟಬೇಕು. ಹೀಗೆ ಹಂಚುವಾಗ ಎಸ್ಟಿಮೇಟಿನಿಂದ ಮೊದಲು ಹೊರಬೀಳುವುದು ಚರಂಡಿ. ಎರಡನೆಯದು ಮೋರಿ. ಆಮೇಲೆ ಕೆಳಪದರದ ದಪ್ಪ. ಉಳಿದದ್ದಕ್ಕೆ ಇಲಾಖೆಯ ದರಪಟ್ಟಿಯ (ಎಸ್‌ಆರ್) ದರ ಹಾಕಿ, ಟೆಂಡರ್ ಕರೆದು, ಪೂರ್ಣ ಪಾರದರ್ಶಕವಾಗಿ, ಅತ್ಯಂತ ಪ್ರಾಮಾಣಿಕ ಗುತ್ತಿಗೆದಾರನಿಗೆ ಕೊಟ್ಟರೂ ಆ ರಸ್ತೆ ಮೂರು ವರ್ಷಕ್ಕೆ ಹಾಳಾಗುತ್ತದೆ. ಅವನು ಒಂದು ರೂಪಾಯಿ ಕಮಿಷನ್ ಕೊಡದಿದ್ದರೂ ಹಾಳಾಗುತ್ತದೆ. ನಾವು ಆಗಲೂ ಅವನನ್ನೇ ಕಳ್ಳನೆನ್ನುತ್ತೇವೆ. ಕೆಲಸ ಕೆಟ್ಟದ್ದಕ್ಕೆ ಕಳ್ಳತನವೇ ಕಾರಣ ಎಂಬ ಗಟ್ಟಿ ನಂಬಿಕೆಯ ಅತಿ ದೊಡ್ಡ ಫಲಾನುಭವಿ, ಹೀಗೆ ನೋಡಿದರೆ, ಅರ್ಧಂಬರ್ಧ ಎಸ್ಟಿಮೇಟಿಗೆ ಸಹಿ ಹಾಕಿದವನು.

ಸಂತೆಯಲ್ಲಿ ಎಮ್ಮೆ ಕೊಳ್ಳುವವನು ಬೆಲೆಯನ್ನಷ್ಟೇ ಕೇಳುವುದಿಲ್ಲ. ಎಷ್ಟನೆಯ ಸೂಲು, ಹೊತ್ತಿಗೆ ಎಷ್ಟು ಹಾಲು, ಮೇವು ಎಷ್ಟು ತಿನ್ನುತ್ತದೆ ಎಂದು ಕೇಳುತ್ತಾನೆ. ಸರ್ಕಾರ ಕೊಳ್ಳುವ ರಸ್ತೆಗೆ ಈ ಪ್ರಶ್ನೆಗಳಿಲ್ಲ. ಎಷ್ಟು ವರ್ಷ ಬಾಳಬೇಕು, ವರ್ಷಕ್ಕೆ ಎಷ್ಟು ಖರ್ಚು ಬೇಡುತ್ತದೆ ಎಂಬ ಎರಡು ಸಾಲು ಆಡಳಿತಾತ್ಮಕ ಮಂಜೂರಾತಿಯ ಹಂತದಲ್ಲೇ ಕಡ್ಡಾಯವಾಗಿದ್ದಿದ್ದರೆ, ಚರಂಡಿ ಇಲ್ಲದ ರಸ್ತೆ ಅಗ್ಗವಲ್ಲ ದುಬಾರಿ ಎಂಬುದು ಅಲ್ಲೇ ಕಾಗದದ ಮೇಲೆ ಕಾಣುತ್ತಿತ್ತು. ಇಂಥ ಲೆಕ್ಕ ಬರೀ ಊಹೆ ಎಂದು ಆಕ್ಷೇಪಿಸುವವರಿದ್ದಾರೆ. ನಿಜ, ಇಪ್ಪತ್ತು ವರ್ಷದ ಮಳೆಯನ್ನು ಯಾರೂ ಕಂಡಿಲ್ಲ. ಆದರೆ ಈಗಿನ ಲೆಕ್ಕದಲ್ಲೂ ಒಂದು ಊಹೆ ಅಡಗಿದೆಯಲ್ಲ. ಕಟ್ಟಿದ ಮೇಲೆ ಅದಕ್ಕೆ ಸೊನ್ನೆ ಖರ್ಚು ಎಂಬ ಊಹೆ ಅದು, ಮತ್ತು ಅದು ತಪ್ಪೆಂದು ನಮಗೆಲ್ಲ ಗೊತ್ತು.

ಈಗ ಬಿಲ್ಲಿನ ವಿಚಾರ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಬರೆದ ಪತ್ರ ಎಲ್ಲರಿಗೂ ನೆನಪಿದೆ. ಶೇಕಡ 40ರ ಕಮಿಷನ್ ಆರೋಪ ಒಂದು ಸರ್ಕಾರದ ಹಣೆಪಟ್ಟಿಯಾಯಿತು, ಚುನಾವಣೆಯ ಘೋಷಣೆಯೂ ಆಯಿತು. ಅದರ ಸತ್ಯಾಸತ್ಯ ತನಿಖೆಯವರ ಕೆಲಸ. ನನಗೆ ಮುಖ್ಯವಾಗಿ ಕಂಡದ್ದು ಅದೇ ಸಂಘ ಅದಕ್ಕೂ ಮೊದಲು, ಆಮೇಲೆ, ಸರ್ಕಾರ ಬದಲಾದ ಮೇಲೂ ಬಿಡದೆ ಹೇಳುತ್ತ ಬಂದ ಇನ್ನೊಂದು ದೂರು, ಬಾಕಿ ಬಿಲ್. ಈ ದೂರಿಗೆ ಮಾತ್ರ ಅಂಥ ಮಾರುಕಟ್ಟೆ ಸಿಗಲಿಲ್ಲ. ಗುತ್ತಿಗೆದಾರನಿಗೆ ದುಡ್ಡು ತಡವಾದರೆ ಯಾರಿಗೆ ಮರುಕ?

ಮರುಕದ ಮಾತು ಬೇಡ, ಲೆಕ್ಕದ ಮಾತು ಆಡೋಣ. ಬಿಲ್ ಯಾವಾಗ ಬರುತ್ತದೆಂದು ಗೊತ್ತಿಲ್ಲದ ಗುತ್ತಿಗೆದಾರ ಬಡ್ಡಿಗೆ ಹಣ ತರುತ್ತಾನೆ. ಎಂಬಿ, ಅಂದರೆ ಅಳತೆ ಪುಸ್ತಕ, ಬರೆಸಿಕೊಂಡು, ಹಣ ಕೊಡಲು ಅನುಮತಿಸುವ ಎಲ್‌ಒಸಿ ಬಿಡುಗಡೆಯಾಗುವವರೆಗೆ ಆ ಬಡ್ಡಿ ಓಡುತ್ತಲೇ ಇರುತ್ತದೆ. ಮುಂದಿನ ಟೆಂಡರ್‌ನಲ್ಲಿ ಅವನು ಎರಡರಲ್ಲಿ ಒಂದನ್ನು ಮಾಡುತ್ತಾನೆ, ಬಡ್ಡಿಯನ್ನು ದರದಲ್ಲಿ ಸೇರಿಸುತ್ತಾನೆ ಅಥವಾ ಪದರದಲ್ಲಿ ಕಳೆಯುತ್ತಾನೆ. ಮೂರನೆಯ ಥರದವನೂ ಇದ್ದಾನೆ, ಸರ್ಕಾರಿ ಕೆಲಸವೇ ಬೇಡವೆಂದು ಖಾಸಗಿ ಲೇಔಟ್‌ಗಳ ಕಡೆ ಹೋಗಿಬಿಡುವವನು. ಸಾಮಾನ್ಯವಾಗಿ ಅವನೇ ಒಳ್ಳೆಯ ಕೆಲಸಗಾರ. ಕೊನೆಗೆ ಕಣದಲ್ಲಿ ಉಳಿಯುವವನು ಬಿಲ್ ಪಾಸು ಮಾಡಿಸಿಕೊಳ್ಳುವ ದಾರಿ ಗೊತ್ತಿರುವವನು. ಕಮಿಷನ್ ಎಂಬುದು ಟೆಂಡರ್ ಗೆಲ್ಲಲು ಕೊಡುವ ಹಣ ಎಂದು ನಾವು ತಿಳಿದಿದ್ದೇವೆ. ಅದರಲ್ಲಿ ದೊಡ್ಡ ಪಾಲು ತನಗೆ ನ್ಯಾಯವಾಗಿ ಬರಬೇಕಾದ ಹಣವನ್ನು ಸರದಿ ತಪ್ಪಿಸಿ ಬೇಗ ಪಡೆಯಲು ಕೊಡುವ ಹಣ ಎಂದು ನಾನು ವಾದಿಸುತ್ತೇನೆ. ಸರದಿ ಇರುವುದರಿಂದಲೇ ಅದನ್ನು ತಪ್ಪಿಸುವ ವ್ಯಾಪಾರ. ಹಣ ಒದಗಿಸದೆ ಕಾಮಗಾರಿ ಮಂಜೂರು ಮಾಡುವ ಪ್ರತಿ ಸರ್ಕಾರವೂ ಆ ಸರದಿಯನ್ನು ಉದ್ದ ಮಾಡುತ್ತದೆ. ಈ ವಿಷಯದಲ್ಲಿ ಪಕ್ಷಭೇದವಿಲ್ಲ.

ನಾನು ಹೇಳುವುದನ್ನು ನಂಬದಿದ್ದರೆ ಕೇಂದ್ರ ಸಂಪುಟದ ನಿರ್ಧಾರವೊಂದನ್ನು ನೋಡಿ. ವಿದ್ಯುತ್ ಬಸ್‌ಗಳನ್ನು ಸಾರಿಗೆ ನಿಗಮಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ಓಡಿಸಿಕೊಡಲು ಕಂಪನಿಗಳು ಹಿಂಜರಿಯುತ್ತಿದ್ದವು. ನಿಗಮಗಳು ಸಮಯಕ್ಕೆ ಹಣ ಕೊಡುತ್ತವೆಂಬ ಭರವಸೆ ಅವಕ್ಕಿರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಇದಕ್ಕಾಗಿಯೇ ₹3,435 ಕೋಟಿಯ ಪಾವತಿ ಭದ್ರತಾ ವ್ಯವಸ್ಥೆ ಮಾಡಿತು. ನಿಗಮ ಹಣ ಕೊಡದಿದ್ದರೆ ಈ ನಿಧಿಯಿಂದ ಕೊಟ್ಟು, ಆಮೇಲೆ ರಾಜ್ಯದಿಂದ ವಸೂಲು ಮಾಡಿಕೊಳ್ಳುವುದು. ಸರ್ಕಾರ ಕೆಟ್ಟ ಗಿರಾಕಿ ಎಂದು ಸರ್ಕಾರವೇ ಒಪ್ಪಿ ಬರೆದುಕೊಟ್ಟ ಕಾಗದ ಇದು. ಬಸ್ಸಿಗೆ ಸಿಕ್ಕ ಈ ಭದ್ರತೆ ಹಳ್ಳಿಯ ಮೋರಿ ಕಟ್ಟುವವನಿಗೆ ಏಕಿಲ್ಲ? 2021ರ ಅದೇ ಕೇಂದ್ರ ಸೂಚನೆಯಲ್ಲಿ, ಬಿಲ್ ಸಲ್ಲಿಸಿದ 10 ಕೆಲಸದ ದಿನಗಳೊಳಗೆ ಅದರ ಕನಿಷ್ಠ ಶೇಕಡ 75ರಷ್ಟನ್ನು ಕೊಟ್ಟುಬಿಡಿ, ಉಳಿದ ತಪಾಸಣೆ ಆಮೇಲೆ ಮಾಡಿಕೊಳ್ಳಿ ಎಂಬ ಸಾಲಿದೆ. ಗುಣಮಟ್ಟಕ್ಕೆ ಶೇಕಡ 30 ಅಂಕ ಎಂಬುದರ ಮೇಲೆ ವಿಚಾರ ಸಂಕಿರಣಗಳಾದವು. ಹತ್ತು ದಿನದ ಸಾಲನ್ನು ಅಷ್ಟು ಉತ್ಸಾಹದಿಂದ ಓದಿದವರನ್ನು ನಾನು ಕಂಡಿಲ್ಲ.

ನಿರ್ವಹಣೆಯ ವಿಚಾರದಲ್ಲಿ ನಮಗೆ ಮಾದರಿ ಇಲ್ಲವೆಂದಲ್ಲ. 2000ದ ಡಿಸೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ಅದಕ್ಕೆ ಬೇರೆ ದರ, ಅದೇ ಒಪ್ಪಂದದಲ್ಲಿ. ಈಗ ಇ-ಮಾರ್ಗ್ ಎಂಬ ವ್ಯವಸ್ಥೆಯಲ್ಲಿ ಎಂಜಿನಿಯರು ಸ್ಥಳಕ್ಕೆ ಹೋಗಿ ಫೋಟೋ ತೆಗೆದು ರಸ್ತೆಯ ಸ್ಥಿತಿಗೆ ಅಂಕ ಕೊಟ್ಟ ಮೇಲೆಯೇ ನಿರ್ವಹಣೆಯ ಹಣ. ಎಷ್ಟು ಗುಂಡಿ ಮುಚ್ಚಿದೆ, ಎಷ್ಟು ಜಲ್ಲಿ ಸುರಿದೆ ಎಂಬುದು ಅಲ್ಲಿ ಬಿಲ್ಲಿಗೆ ಆಧಾರವಲ್ಲ, ರಸ್ತೆ ಹೇಗಿದೆ ಎಂಬುದೇ ಆಧಾರ. ಪಂಜಾಬ್ ಇನ್ನೂ ಮುಂದೆ ಹೋಗಿ ವಿಶ್ವಬ್ಯಾಂಕ್ ನೆರವಿನಲ್ಲಿ ಸಂಗ್ರೂರು-ಮಾನ್ಸಾ-ಬಟಿಂಡಾ ಭಾಗದ ಸುಮಾರು 200 ಕಿಲೋಮೀಟರ್ ರಸ್ತೆಗಳನ್ನು ಹತ್ತು ವರ್ಷದ ಕಾರ್ಯಕ್ಷಮತೆಯ ಗುತ್ತಿಗೆಗೆ ಕೊಟ್ಟು ನೋಡಿತು. ಇತ್ತ ನಮ್ಮ ನಗರಗಳ ಬಹುಪಾಲು ರಸ್ತೆಗಳಿಗೆ ಇರುವುದು ದೋಷ ಹೊಣೆ ಅವಧಿ ಎಂಬ ಕೆಲವೇ ವರ್ಷಗಳ ಕರಾರು. ಅದು ಮುಗಿಯುವ ಮೊದಲೇ ಜಲಮಂಡಳಿಯೋ ಬೆಸ್ಕಾಂ ಗುತ್ತಿಗೆದಾರನೋ ಕೇಬಲ್ ಕಂಪನಿಯೋ ರಸ್ತೆ ಅಗೆದಿರುತ್ತದೆ. ಅಗೆದ ಮೇಲೆ ದೋಷ ಯಾರದೆಂದು ಹೇಳುವವರಾರು? ಠೇವಣಿ ವಾಪಸು ಹೋಗುತ್ತದೆ.

ಬೆಂಗಳೂರಿನ ಟೆಂಡರ್‌ಶೂರ್ ರಸ್ತೆಗಳನ್ನು ನಾನು ಹೊಗಳುವುದು ಈ ಕಾರಣಕ್ಕೆ. ವಿಠಲ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಆಗುತ್ತಿದ್ದಾಗ ಖರ್ಚಿನ ಬಗ್ಗೆ ದೊಡ್ಡ ಗಲಾಟೆಯಾಯಿತು. ಶ್ರೀಮಂತರ ರಸ್ತೆಗಳಿಗೇ ಏಕೆ ಇಷ್ಟು ದುಡ್ಡು ಎಂಬ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಇಂದಿಗೂ ಸರಿಯಾದ ಉತ್ತರ ಬಂದಿಲ್ಲ. ಕಿಲೋಮೀಟರಿಗೆ ಇಷ್ಟು ಕೋಟಿಯೇ ಎಂಬ ಇನ್ನೊಂದು ಪ್ರಶ್ನೆ ಮಾತ್ರ ತಪ್ಪು ಹೋಲಿಕೆ. ಸಾಮಾನ್ಯ ರಸ್ತೆಯ ಲೆಕ್ಕದಲ್ಲಿ ಡಾಂಬರು ಮಾತ್ರ ಇರುತ್ತದೆ. ಇಲ್ಲಿ ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲದಕ್ಕೂ ನೆಲದಡಿಯಲ್ಲಿ ಗೊತ್ತಾದ ಜಾಗ, ಮತ್ತೆ ಅಗೆಯದೆ ತಂತಿ ಎಳೆಯಲು ಕೊಳವೆ, ನಡೆಯುವವರಿಗೆ ಪಾದಚಾರಿ ದಾರಿ ಎಲ್ಲ ಟೆಂಡರ್ ದಸ್ತಾವೇಜಿನಲ್ಲೇ ಬರೆದಿತ್ತು. ಆ ಪ್ರಯೋಗದ ಹೊಸತನ ಇದ್ದದ್ದು ಕಲ್ಲುಹಾಸಿನಲ್ಲಿ ಅಲ್ಲ, ಏನು ಕೊಳ್ಳುತ್ತಿದ್ದೇವೆಂದು ಕೊಳ್ಳುವ ಮೊದಲೇ ಕುಳಿತು ಬರೆದದ್ದರಲ್ಲಿ.

ಕಟ್ಟಿದವನನ್ನು ಕಟ್ಟಿದ್ದರ ಭವಿಷ್ಯಕ್ಕೆ ಕಟ್ಟಿಹಾಕುವುದು ವಿಶ್ವಬ್ಯಾಂಕ್ ಕಲಿಸಿದ ಪಾಠವೇನಲ್ಲ. ನಮ್ಮ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ಬಿತ್ತುವಟ್ಟ, ಕಟ್ಟುಕೊಡಗೆಗಳು ಕೆರೆ ಕಟ್ಟಿಸಿದವನಿಗೆ, ಕಾಯುವವನಿಗೆ ಆ ಕೆರೆಯ ಕೆಳಗಿನ ಭೂಮಿಯಲ್ಲಿ ಪಾಲು ಬಿಟ್ಟುಕೊಟ್ಟ ಏರ್ಪಾಡುಗಳು. ಹೂಳು ಹೊರುವ ಬಂಡಿಗೆಂದೇ ದತ್ತಿ ಬಿಟ್ಟದ್ದೂ ಉಂಟು. ಕೆರೆಯಲ್ಲಿ ನೀರು ನಿಂತರೆ ಅವನ ಗದ್ದೆ ಬೆಳೆಯುತ್ತದೆ, ಏರಿ ಒಡೆದರೆ ಅವನದೂ ಒಣಗುತ್ತದೆ. ಆ ಕಾಲದ ಜಾತಿ, ಒಡೆತನದ ಕಟ್ಟಳೆಯನ್ನು ಯಾರೂ ವಾಪಸು ತರಬೇಕಾಗಿಲ್ಲ. ಆ ನೀರು ಎಲ್ಲರ ಗದ್ದೆಗೂ ಹರಿಯುತ್ತಿರಲಿಲ್ಲ. ಆದರೆ ಒಮ್ಮೆ ಹಣ ಕೊಟ್ಟು ಕೈತೊಳೆದುಕೊಂಡರೆ ಕೆರೆ ಉಳಿಯದು ಎಂಬಷ್ಟು ತಿಳಿವು ಆ ದಾನಪತ್ರ ಬರೆಸಿದವರಿಗಿತ್ತು.

ಹಾಗೆಂದು 'ವಸ್ತು ಕೊಳ್ಳಬೇಡಿ, ಸೇವೆ ಕೊಳ್ಳಿ' ಎಂಬ ಈಗಿನ ಹೊಸ ಮಂತ್ರಕ್ಕೂ ತಲೆದೂಗುವುದು ಬೇಡ. ಬಿಎಂಟಿಸಿಯ ಅನುಭವ ಕಣ್ಣ ಮುಂದಿದೆ. 2018ರ ಸುಮಾರಿಗೆ ವಿದ್ಯುತ್ ಬಸ್‌ಗಳನ್ನು ಬಾಡಿಗೆ ಲೆಕ್ಕದಲ್ಲಿ ಪಡೆಯಬೇಕೋ ಸ್ವಂತಕ್ಕೆ ಕೊಳ್ಳಬೇಕೋ ಎಂಬ ಜಗಳದಲ್ಲಿ ಕೇಂದ್ರದ ಸಬ್ಸಿಡಿ ಕೈತಪ್ಪಿತು. ಆಮೇಲೆ ಕಿಲೋಮೀಟರ್ ಲೆಕ್ಕದ ಗುತ್ತಿಗೆಯೇ ಗೆದ್ದಿತು. 2022ರಲ್ಲಿ ಬೆಂಗಳೂರೂ ಸೇರಿ ಐದು ನಗರಗಳಿಗೆ ಒಟ್ಟಾಗಿ 5,450 ಬಸ್‌ಗಳ ಟೆಂಡರ್ ಕರೆದಾಗ ದರ ಗಣನೀಯವಾಗಿ ಇಳಿಯಿತು. ಬೆಂಗಳೂರಿಗೆ ಬಂದ 921 ಬಸ್‌ಗಳ ಒಪ್ಪಂದ 12 ವರ್ಷದ್ದು. ಬ್ಯಾಟರಿ ಕೆಟ್ಟರೆ ಕಂಪನಿಯದೇ ಹೊಣೆ, ಬಸ್ ನಿಂತರೆ ಹಣವಿಲ್ಲ. ನಾನು ಇಷ್ಟು ಹೊತ್ತು ಕೇಳಿದ್ದೂ ಇಂಥದ್ದನ್ನೇ. ಆದರೆ ಆ ಬಸ್ಸಿನಲ್ಲಿ ಕಂಡಕ್ಟರ್ ನಿಗಮದವರು, ಚಾಲಕರು ಕಂಪನಿಯ ಗುತ್ತಿಗೆಯವರು. ಸಂಬಳ ಸಾಲದೆಂದು, ಸಮಯಕ್ಕೆ ಬರಲಿಲ್ಲವೆಂದು ಆ ಚಾಲಕರು ಒಂದಕ್ಕಿಂತ ಹೆಚ್ಚು ಬಾರಿ ಕೆಲಸ ನಿಲ್ಲಿಸಿದ್ದಾರೆ. ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂಬ ಅಗ್ಗದ ಅಂಕಿಯೊಳಗೆ ಚಾಲಕನ ಕೂಲಿಯೂ ಅಡಗಿರುತ್ತದೆ, ಮತ್ತು ಎಲ್-1 ಪೈಪೋಟಿ ಬ್ಯಾಟರಿಯನ್ನು ಹಿಂಡಲಾಗದಿದ್ದರೆ ಮನುಷ್ಯನನ್ನು ಹಿಂಡುತ್ತದೆ. ಹೊಗೆ ಬಿಡದ ಬಸ್ಸಿನ ಚಾಲಕ ನಿದ್ದೆಗೆಟ್ಟಿದ್ದರೆ ಅದನ್ನು ಸುಸ್ಥಿರ ಸಾರಿಗೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಕನಿಷ್ಠ ವೇತನ, ಪಾಳಿಯ ಗಂಟೆ, ಪಿಎಫ್ ಇವೆಲ್ಲ ದರದ ಪೈಪೋಟಿಯಿಂದ ಹೊರಗೆ, ಎಲ್ಲ ಬಿಡ್ಡರುಗಳಿಗೂ ಒಂದೇ ಎಂಬಂತೆ ದಸ್ತಾವೇಜಿನಲ್ಲೇ ನಿಗದಿಯಾಗಬೇಕು.

ಹಸಿರು ಖರೀದಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಕೊರತೆಯಿರುವುದು ನೀತಿಯದಲ್ಲ. 2016ರ ಕಟ್ಟಡ ತ್ಯಾಜ್ಯ ನಿರ್ವಹಣಾ ನಿಯಮಗಳು ಸರ್ಕಾರಿ ಮತ್ತು ನಗರಸಭೆಯ ಗುತ್ತಿಗೆಗಳಲ್ಲಿ ಕಟ್ಟಡ ತ್ಯಾಜ್ಯದಿಂದ ಮಾಡಿದ ಸಾಮಗ್ರಿಯನ್ನು ಶೇಕಡ 10ರಿಂದ 20ರಷ್ಟು ಬಳಸುವುದನ್ನು ಕಡ್ಡಾಯ ಮಾಡಿ ಎಂದಿದ್ದವು. ಅದೇ ವರ್ಷದ ಭಾರತೀಯ ಮಾನಕ ಐಎಸ್ 383, ಮರುಬಳಕೆಯ ಜಲ್ಲಿಯನ್ನು ಸಾದಾ ಕಾಂಕ್ರೀಟಿನಲ್ಲಿ ಶೇಕಡ 25ರವರೆಗೆ, ಎಂ-25 ದರ್ಜೆಯವರೆಗಿನ ಕಬ್ಬಿಣದ ಕಾಂಕ್ರೀಟಿನಲ್ಲಿ ಶೇಕಡ 20ರವರೆಗೆ ಒಪ್ಪಿಕೊಂಡಿತು. ಆದರೂ ಬೆಂಗಳೂರಿನ ಹೊರವಲಯದ ಕೆರೆಯಂಗಳಗಳಲ್ಲಿ ಒಡೆದ ಗೋಡೆಗಳ ರಾಶಿ ಬೀಳುತ್ತಲೇ ಇದೆ, ಕ್ವಾರಿಗಳಲ್ಲಿ ಹೊಸ ಕಲ್ಲು ಸಿಡಿಯುತ್ತಲೇ ಇದೆ. ಮಾನಕ ಒಪ್ಪಿದರೂ ದರಪಟ್ಟಿಯಲ್ಲಿ ಸರಳವಾದ ಐಟಂ ಕಾಣದಿದ್ದರೆ ಕಿರಿಯ ಎಂಜಿನಿಯರ್ ಅದನ್ನು ಬರೆಯುವುದಿಲ್ಲ. ಬರೆದು ಮುಂದೊಂದು ದಿನ ಬಿರುಕು ಕಂಡರೆ ಆಡಿಟ್ ಆಕ್ಷೇಪಣೆ ಅವನ ಹೆಸರಿಗೆ ಬರುತ್ತದೆ. ಹೊಸ ಜಲ್ಲಿ ಹಾಕಿ ಬಿರುಕು ಬಿಟ್ಟರೆ ಯಾರೂ ಕೇಳುವುದಿಲ್ಲ. ಸಂಶಯದ ಮೇಲೆ ಕಟ್ಟಿದ ವ್ಯವಸ್ಥೆಯಲ್ಲಿ ಹಳೆಯ ತಪ್ಪನ್ನೇ ಮಾಡುವುದು ಅತ್ಯಂತ ಸುರಕ್ಷಿತ.

ಈ ಸಂಶಯಕ್ಕೆ ಇನ್ನೊಂದು ಫಲವೂ ಇದೆ. ಬಾಗಿಲಲ್ಲಿ ಕಾವಲು ಬಿಗಿಯಾದಷ್ಟೂ ಹಿತ್ತಿಲ ದಾರಿ ಅಗಲವಾಗುತ್ತದೆ. ಕಮಿಷನ್ ಗಲಾಟೆಯ ನಂತರ, 2022ರಲ್ಲಿ, ₹50 ಕೋಟಿ ಮೀರಿದ ಟೆಂಡರ್‌ಗಳನ್ನು ಕರೆಯುವ ಮೊದಲೇ ಪರಿಶೀಲಿಸಲು ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ಸಮಿತಿ ಬಂತು. ಅದು ಇನ್ನೊಂದು ಮುಂಬಾಗಿಲು. ಅದೇ ವೇಳೆ ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿಯಡಿ, 1974ರ ಭೂಸೇನಾ ನಿಗಮದ ಇಂದಿನ ರೂಪವಾದ ಕೆಆರ್‌ಐಡಿಎಲ್‌ನಂಥ ಸಂಸ್ಥೆಗಳಿಗೆ ಟೆಂಡರ್ ಇಲ್ಲದೆ ಕಾಮಗಾರಿ ವಹಿಸುವ ಪದ್ಧತಿಯೂ ಮುಂದುವರಿಯಿತು. ಟೆಂಡರ್ ಕಾಯ್ದೆಯ ಕಾಲಾವಧಿಯಲ್ಲಿ ಮಾರ್ಚ್ ತಿಂಗಳ ಅನುದಾನ ಖರ್ಚಾಗುವುದಿಲ್ಲವೆಂದು ಅಧಿಕಾರಿಗಳು ಕೊಡುವ ಸಮಜಾಯಿಷಿ ಪೂರ್ತಿ ಸುಳ್ಳಲ್ಲ. ಹಣ ಬಿಡುಗಡೆಯಾಗುವ ವೇಳಾಪಟ್ಟಿಯೇ ಕೆಟ್ಟಿದ್ದರೆ ಅಲ್ಪಾವಧಿ ಟೆಂಡರ್, ತುಂಡು ಗುತ್ತಿಗೆ, ವಿನಾಯಿತಿ ಎಲ್ಲವೂ ಅದರ ಮಕ್ಕಳು. 2025ರಲ್ಲಿ ಕೆಟಿಪಿಪಿ ತಿದ್ದುಪಡಿ ಮಸೂದೆ ಬಂದಾಗ ಇಡೀ ರಾಜ್ಯ ಅದರ ಮೀಸಲಾತಿಯ ಅಂಶದ ಮೇಲೆ ವಾರಗಟ್ಟಲೆ ಕಾದಾಡಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಳಿಸುವವರೆಗೂ ಹೋಯಿತು. ಗುತ್ತಿಗೆ ಯಾರ ಕೈಗೆ ಎಂಬುದು ದೊಡ್ಡ ಪ್ರಶ್ನೆಯೇ, ಯಾವ ಸಮುದಾಯಗಳು ಈ ವ್ಯಾಪಾರದ ಹೊರಗೇ ಉಳಿದವೆಂಬುದು ಇನ್ನೂ ದೊಡ್ಡದು. ಆದರೆ ಹೊಸದಾಗಿ ಒಳಬಂದ ಸಣ್ಣ ಗುತ್ತಿಗೆದಾರನೇ ಬಾಕಿ ಬಿಲ್ಲಿಗೆ ಮೊದಲು ಬಲಿಯಾಗುವವನು ಎಂಬ ಮಾತನ್ನು ಆ ಗದ್ದಲದಲ್ಲಿ ನಾನು ಕೇಳಲಿಲ್ಲ. ಬಂಡವಾಳವಿಲ್ಲದವನಿಗೆ ಗುತ್ತಿಗೆ ಕೊಟ್ಟು ಎರಡು ವರ್ಷ ದುಡ್ಡು ಕೊಡದಿದ್ದರೆ ಅದು ಎಂಥ ಮೀಸಲಾತಿ?

ನಿರ್ವಹಣೆಗೆಂದು ಹಣ ಇಟ್ಟರೆ ಅದನ್ನೂ ತಿನ್ನುತ್ತಾರೆ ಎಂಬ ಕೊನೆಯ ಆಕ್ಷೇಪ ಉಳಿಯಿತು. ತಿನ್ನಬಹುದು. ಆದರೆ ಹೊಸ ರಸ್ತೆಯ ಕೆಳಪದರದಲ್ಲಿ ತಿಂದದ್ದು ಮುಚ್ಚಿಹೋಗುತ್ತದೆ. ನಿರ್ವಹಣೆಯಲ್ಲಿ ತಿಂದರೆ ಗುಂಡಿ ದಾರಿಯ ನಡುವೆಯೇ ಇರುತ್ತದೆ, ದಿನವೂ ಅದರ ಮೇಲೆ ಹೋಗುವವರಿಗೆಲ್ಲ ಕಾಣುತ್ತದೆ. ಕಳ್ಳತನ ಹಿಡಿಯುವ ದೃಷ್ಟಿಯಿಂದಲೇ ನೋಡಿದರೂ, ಹಣ ಆ ಕಡೆಗೆ ಹೋಗುವುದು ಲೇಸು.

ಆದ್ದರಿಂದ ಈ ಲೇಖಕನ ಬೇಡಿಕೆ ಸಣ್ಣದು. ಇವತ್ತು ಸರ್ಕಾರದ ಟೆಂಡರ್ ಜಾಲತಾಣದಲ್ಲಿ ಒಂದು ಕಾಮಗಾರಿಯ ಹೆಸರು ಹುಡುಕಿದರೆ ಯಾರು ಬಿಡ್ ಹಾಕಿದರು, ಯಾರು ಎಲ್-1 ಆದರು ಎಂಬುದು ಸಿಗುತ್ತದೆ. ಕತೆ ಬಹುಮಟ್ಟಿಗೆ ಅಲ್ಲಿಗೆ ನಿಲ್ಲುತ್ತದೆ. ಅದೇ ಪುಟದಲ್ಲಿ ಇನ್ನು ನಾಲ್ಕು ತಾರೀಖು, ಎರಡು ಮೊತ್ತ ಹಾಕಲಿ. ಗುತ್ತಿಗೆದಾರ ಬಿಲ್ ಸಲ್ಲಿಸಿದ ದಿನ, ಹಣ ಅವನ ಖಾತೆಗೆ ಬಿದ್ದ ದಿನ, ದೋಷ ಹೊಣೆ ಅವಧಿ ಮುಗಿಯುವ ದಿನ, ಆ ರಸ್ತೆಯನ್ನು ಮತ್ತೊಬ್ಬರು ಅಗೆಯಲು ಅನುಮತಿ ಪಡೆದ ದಿನ; ಕಟ್ಟಲು ಆದ ಒಟ್ಟು ಖರ್ಚು, ಆಮೇಲೆ ಅದೇ ತುಂಡಿನ ಮೇಲೆ ಪ್ರತಿವರ್ಷ ಆಗುತ್ತಿರುವ ಖರ್ಚು. ಇದಕ್ಕೆ ಹೊಸ ಕಾಯ್ದೆ ಬೇಡ, ಸಮಿತಿಯೂ ಬೇಡ. ಈ ತಾರೀಖುಗಳೆಲ್ಲ ಈಗಾಗಲೇ ಯಾವುದೋ ಎಂಬಿಯಲ್ಲಿ, ಯಾವುದೋ ಖಜಾನೆಯ ವೋಚರಿನಲ್ಲಿ ಬರೆದೇ ಇವೆ. ಮೊದಲ ಎರಡು ತಾರೀಖುಗಳ ನಡುವಿನ ಅಂತರವನ್ನು ಇಲಾಖೆವಾರು, ಜಿಲ್ಲಾವಾರು ಪಟ್ಟಿಮಾಡಿ ಬಜೆಟ್ ಪುಸ್ತಕದ ಜೊತೆ ಸದನದಲ್ಲಿ ಮಂಡಿಸಲು ಯಾವ ಹಣಕಾಸು ಸಚಿವರು ಒಪ್ಪುತ್ತಾರೆ ಎಂಬುದಷ್ಟೇ ಈಗ ತಿಳಿಯಬೇಕಾದದ್ದು.